ಹತ್ತು ದಿನ, ಏಳು ದೇಶ: ಈ ಅವಸರಕ್ಕೆ ವೀಸಾ ಇನ್ನು ನೆಪವಲ್ಲ

ಬೇಸಿಗೆ ರಜೆ ಹತ್ತಿರ ಬಂತೆಂದರೆ ‘ಹತ್ತು ದಿನ, ಏಳು ದೇಶ’ ಮಾದರಿಯ ಯುರೋಪ್ ಪ್ಯಾಕೇಜ್‌ಗಳ ಜಾಹೀರಾತು ಶುರು. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಫೋಟೊ, ರಾತ್ರಿ ಇನ್ನೊಂದು ಊರು. ಇದನ್ನು ಭಾರತೀಯರ ಆಸೆಬುರುಕತನ ಎಂದು ಗೇಲಿ ಮಾಡುವವರಿದ್ದಾರೆ. ಆದರೆ ಇದರ ಹಿಂದೆ ಒಂದು ಲೆಕ್ಕವಿದೆ: ವೀಸಾ ಇನ್ನೊಮ್ಮೆ ಸಿಗುತ್ತದೋ ಇಲ್ಲವೋ, ಸಿಕ್ಕಾಗಲೇ ಎಲ್ಲ ನೋಡಿಬಿಡೋಣ.

ಖರ್ಚೂ ಕಡಿಮೆಯಲ್ಲ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್ 11ರಿಂದ ವಯಸ್ಕರಿಗೆ 80ರಿಂದ 90 ಯೂರೊಗೆ ಏರಿತು. ದಂಪತಿ ಮತ್ತು ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳಿದ್ದರೆ 360 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ, ಕನಿಷ್ಠ 30,000 ಯೂರೊ ಮೊತ್ತದ ವಿಮೆ ಬೇರೆ. ಅರ್ಜಿ ತಿರಸ್ಕೃತವಾದರೆ ಶುಲ್ಕ ವಾಪಸ್ ಬರುವುದಿಲ್ಲ. ಇಷ್ಟು ತೆತ್ತವರು ಒಂದೇ ಊರಲ್ಲಿ ಕೂರಲು ಒಪ್ಪಿಯಾರೇ?

ಈ ಲೆಕ್ಕ 2024ರ ಏಪ್ರಿಲ್‌ನಲ್ಲೇ ಬದಲಾಗಿದೆ. ಭಾರತದಲ್ಲಿ ನೆಲೆಸಿರುವ ಭಾರತೀಯರಿಗಾಗಿ ಐರೋಪ್ಯ ಒಕ್ಕೂಟ ತಂದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಬಾರಿ ಹೋಗಿಬರಬಹುದಾದ ವೀಸಾ ಸಿಗಬಹುದು. ಮುಂದೆ ಐದು ವರ್ಷದ್ದು. ಅಂದರೆ ಮೊದಲ ಪ್ರವಾಸವೇ ಕೊನೆಯದಾಗಬೇಕಿಲ್ಲ.

ಹಾಗಾಗಿ ಯೋಜನೆಯನ್ನು ದೇಶಗಳಿಗಲ್ಲ, ವರ್ಷಗಳಿಗೆ ಹಂಚಬಹುದು. ಈ ವರ್ಷ ಇಟಲಿ ಮಾತ್ರ ಎಂದುಕೊಳ್ಳಿ. ಬೊಲೊನ್ಯಾದಲ್ಲಿ ಅಡುಗೆಮನೆಯಿರುವ ಮನೆ ಹಿಡಿದರೆ ಮೊಡೆನಾ, ಫೆರಾರಾ, ರವೆನ್ನಾಗಳಿಗೆ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಪ್ರಾದೇಶಿಕ ರೈಲಿಗೆ ತಿಂಗಳ ಮೊದಲೇ ಟಿಕೆಟ್ ಕಾಯ್ದಿರಿಸುವ ಗೋಜಿಲ್ಲ. ಮಳೆ ಬಂದರೆ ಅನ್ನ-ಸಾರು ಮಾಡಿಕೊಂಡು ಮನೆಯಲ್ಲೇ ಇರಬಹುದು; ಪ್ಯಾಕೇಜ್‌ನವರು ಕೊಡದ ಸೌಕರ್ಯ ಇದು. ಒಂದೇ ದೇಶವಾದ್ದರಿಂದ ಯಾವ ದೂತಾವಾಸಕ್ಕೆ ಅರ್ಜಿ ಹಾಕಬೇಕೆಂಬ ಗೊಂದಲವೂ ಇರದು.

ತೊಡಕುಗಳಿವೆ. ಮೊದಲ ವೀಸಾದಲ್ಲಿ ಅರ್ಜಿಯಲ್ಲಿ ತೋರಿಸಿದಷ್ಟೇ ದಿನ ಸಿಗುವುದುಂಟು, ‘ಮನಸ್ಸಾದರೆ ಇನ್ನೆರಡು ದಿನ’ ಎನ್ನುವಂತಿಲ್ಲ. ದೀರ್ಘಾವಧಿಯ ವೀಸಾ ಇದ್ದರೂ ಯಾವುದೇ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಇರುವಂತಿಲ್ಲ. 2025ರ ಅಕ್ಟೋಬರ್ 12ರಂದು ಆರಂಭವಾದ ಹೊಸ ಗಡಿ ವ್ಯವಸ್ಥೆ ಬೆರಳಚ್ಚು, ಮುಖಚಿತ್ರದೊಂದಿಗೆ ಬಂದುಹೋದ ದಿನಾಂಕ ದಾಖಲಿಸುತ್ತದೆ. ಒಂದು ದಿನ ಮೀರಿ ಉಳಿದರೂ ಮುಂದಿನ ವೀಸಾಕ್ಕೆ ಕುತ್ತು ಬರಬಹುದು.

ಖಾಸಗಿ ಕಂಪನಿಯಲ್ಲಿ ಒಟ್ಟಿಗೆ ಎರಡು ವಾರ ರಜೆ ಗಿಟ್ಟಿಸುವ ಕಷ್ಟವನ್ನಂತೂ ಯಾವ ದೂತಾವಾಸವೂ ಬಗೆಹರಿಸಲಾರದು. ರಜೆ ಸಿಕ್ಕವರು ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅದಕ್ಕೂ ಮುನ್ನ ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳಬೇಕು. ಅದು ಬೇಗ ಮುಗಿಯುವಂತಿದ್ದರೆ ಐದು ವರ್ಷದ ವೀಸಾ ಸಿಗುವುದಿಲ್ಲ.