ಚರಂಡಿಗೂ ಮಹತ್ವಾಕಾಂಕ್ಷೆಯೇ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಎಲ್ಲೇ ಭೂಮಿಪೂಜೆ ನಡೆಯಲಿ, ಕರಪತ್ರದಲ್ಲಿ ಒಂದು ಮಾತು ತಪ್ಪುವುದಿಲ್ಲ: 'ಸರ್ಕಾರದ ಮಹತ್ವಾಕಾಂಕ್ಷೆಯ ಯೋಜನೆ'! ಕೂಡ್ಲಿಗಿಯ 74 ಕೆರೆಗಳನ್ನು ತುಂಬಿಸುವಂಥ ದೊಡ್ಡ ಕೆಲಸಕ್ಕೂ ಅದೇ, ಓಣಿಯ ಚರಂಡಿಗೂ ಅದೇ. ಮುದ್ರಣಾಲಯ ನಡೆಸುವ ನನಗೆ ಈ ಪದವನ್ನು ಅಚ್ಚು ಹಾಕಿ ಹಾಕಿ ಸಾಕಾಗಿದೆ.

ಸ್ವಾಮಿ, ಮಹತ್ವಾಕಾಂಕ್ಷೆ ಎಂದರೇನು? ದೊಡ್ಡವರಾಗಬೇಕೆಂಬ ಆಸೆ. ಆಸೆ ಪಡಲು ಜೀವ ಬೇಕು. ಹಳ್ಳಿಯ ಹುಡುಗಿ ಡಾಕ್ಟರಾಗಲು ಹಂಬಲಿಸಬಹುದು. ಪಂಚಾಯಿತಿ ಸದಸ್ಯ ಶಾಸಕನಾಗಲು ಹಾತೊರೆಯಬಹುದು. ಪೈಪು, ಸಿಮೆಂಟು, ಜಲ್ಲಿಕಲ್ಲು ಏನನ್ನು ಬಯಸುತ್ತವೆ? 'ಆಸೆ ಯೋಜನೆಯದಲ್ಲ, ಸರ್ಕಾರದ್ದು' ಎಂದು ವಾದಿಸುವ ಪಂಡಿತರಿದ್ದಾರೆ. ಹಾಗಾದರೆ ವಿಷಯ ಇನ್ನೂ ಕೆಟ್ಟಿತು. ಕುಡಿಯುವ ನೀರು ಕೊಡುವುದು ಸರ್ಕಾರದ ಕರ್ತವ್ಯವೋ, ಆಸೆಯೋ? ಕರ್ತವ್ಯವಾದರೆ ಜನ ಲೆಕ್ಕ ಕೇಳುತ್ತಾರೆ. ಆಸೆ ಈಡೇರದಿದ್ದರೆ ಯಾರನ್ನು ಕೇಳೋಣ?

ಈ ರೋಗ ಬಂದದ್ದು ಇಂಗ್ಲಿಷಿನ 'ಆ್ಯಂಬಿಷಸ್' ಪದದಿಂದ. ಬಾಬುಗಳು ಮೊದಲು ಇಂಗ್ಲಿಷಿನಲ್ಲಿ ಬರೆದು, ನಿಘಂಟಿನಲ್ಲಿ ಕಂಡ ಮೊದಲ ಅರ್ಥವನ್ನು ಎತ್ತಿ ಕನ್ನಡದೊಳಗೆ ತುರುಕುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಎರಡು ಬಳಕೆ. ಮನುಷ್ಯನಿಗೆ ಹೇಳಿದರೆ ಮೇಲೇರುವ ಹಂಬಲದವನು. ಯೋಜನೆಗೆ ಹೇಳಿದರೆ ಬಹಳ ದೊಡ್ಡದು, ಕೈಗೂಡುವುದು ಕಷ್ಟ ಎಂದು. ಎರಡನೆಯದರಲ್ಲಿ ಅನುಮಾನದ ವಾಸನೆಯಿದೆ! ಬ್ಯಾಂಕಿನ ಸಾಹೇಬರು ನಿಮ್ಮ ಅರ್ಜಿ ನೋಡಿ 'ಆ್ಯಂಬಿಷಸ್' ಎಂದರೆ ಹಿಗ್ಗಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿರಬಹುದು. ನಮ್ಮವರು ಅನುಮಾನವನ್ನು ಅಲ್ಲೇ ಬಿಟ್ಟು, ಹೊಗಳಿಕೆಯನ್ನಷ್ಟೇ ಹೊತ್ತು ತಂದರು.

ಆ ಪದದ ಮೂಲವೂ ಸ್ವಾರಸ್ಯವಾಗಿದೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಸುತ್ತಾಡುವುದು. ಪ್ರಾಚೀನ ರೋಮಿನಲ್ಲಿ ಪದವಿಗೆ ನಿಂತವರು ಓಟು ಕೇಳುತ್ತಾ ಬೀದಿ ಬೀದಿ ಸುತ್ತುತ್ತಿದ್ದರು, ಅದರಿಂದ ಬಂದದ್ದು. ನಮ್ಮ ಕರಪತ್ರಗಳಿಗೆ ಆ ಅರ್ಥವೇ ಹೆಚ್ಚು ಹೊಂದೀತು!

ಒಂದು ಕಾಲದಲ್ಲಿ ಸರ್ಕಾರಕ್ಕೂ ನೇರ ಮಾತು ಬರುತ್ತಿತ್ತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದಿತು. ಅವುಗಳಲ್ಲಿ 39 'ಅತ್ಯಂತ ಹಿಂದುಳಿದವು'. ನಮ್ಮ ಭಾಗದವೂ ಪಟ್ಟಿಯಲ್ಲಿದ್ದವು. ಕೇಳಲು ಕಹಿ, ಆದರೆ ಪದದ ಹಿಂದೆಯೇ ಲೆಕ್ಕವಿತ್ತು: ಎಂಟು ವರ್ಷ, 31 ಸಾವಿರ ಕೋಟಿ ರೂಪಾಯಿ. ಕೊಟ್ಟರೋ ಇಲ್ಲವೋ ಎಂದು ಹೋರಾಟಗಾರ ಬೀದಿಗಿಳಿದು ಕೇಳಬಹುದಿತ್ತು. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರು, ಯಾದಗಿರಿಗಳನ್ನು 'ಆಸ್ಪಿರೇಷನಲ್' ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಕನ್ನಡದಲ್ಲಿ ಅದೂ 'ಮಹತ್ವಾಕಾಂಕ್ಷೆಯ ಜಿಲ್ಲೆ' ಆಯಿತು! ಹಸಿದವನನ್ನು ಹಸಿದವನು ಎನ್ನದೆ 'ಅನ್ನಾಕಾಂಕ್ಷಿ' ಎಂದಂತಲ್ಲವೇ ಇದು?

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನೇರಿ ನುಡಿಯುವ ಕಾರ್ಣಿಕ ಒಂದೇ ಸಾಲು. ಅದರಲ್ಲಿ ಮಳೆ ಬೆಳೆ ಹುಡುಕುತ್ತಾ ರೈತ ಮನೆಗೆ ಹೋಗುತ್ತಾನೆ. ಕಾರ್ಣಿಕ ಒಗಟಾದರೂ ನಡೆಯುತ್ತದೆ, ಅದು ದೈವದ ಮಾತು. ತಾಲ್ಲೂಕು ಕಚೇರಿಯ ಕರಪತ್ರ ಒಗಟಾಗಬೇಕೇ?

ಕನ್ನಡಕ್ಕೆ ಪದಗಳ ಬರವಿಲ್ಲ. ಮನುಷ್ಯನಿಗೆ ಛಲಗಾರ, ಹಂಬಲವುಳ್ಳವನು ಎನ್ನಿ. ಮಹತ್ವಾಕಾಂಕ್ಷಿ ಎಂದರೂ ಸರಿಯೇ. ಯೋಜನೆ ದೊಡ್ಡದಾಗಿದ್ದರೆ ಭಾರಿ ಯೋಜನೆ ಎನ್ನಿ. ಕೈಮೀರಿದ್ದಾದರೆ ಕೈಮೀರಿದ್ದು ಎಂದು ಹೇಳುವ ಧೈರ್ಯ ಮಾಡಿ. ಚರಂಡಿಯನ್ನು ಚರಂಡಿ ಎಂದರೆ ಸಾಕು.

ಚುನಾವಣೆಯ ಕರಪತ್ರದಲ್ಲಿ ಮುದ್ರಕನ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಹಾಳೆಯ ಬುಡದಲ್ಲಿ ನಿಲ್ಲುವುದು ನಮ್ಮ ಹೆಸರು. ಆದ್ದರಿಂದ ಐದೂ ತಾಲ್ಲೂಕಿನ ಮುದ್ರಕ ಬಂಧುಗಳಲ್ಲಿ ಕೇಳುತ್ತೇನೆ: ಯಾವ ಪಕ್ಷದವರೇ ಬರಲಿ, ಯಾವ ಇಲಾಖೆಯವರೇ ಬರಲಿ, ಈ ಪದ ಕಂಡೊಡನೆ ಹಸ್ತಪ್ರತಿಯನ್ನು ವಾಪಸ್ಸು ಕೊಡಿ. ಆ ಜಾಗದಲ್ಲಿ ಎಷ್ಟು ಹಣ, ಎಷ್ಟು ಊರು, ಯಾವ ತಿಂಗಳೊಳಗೆ ಎಂದು ಬರೆದು ತರಲಿ. ಅಕ್ಷರ ಹೆಚ್ಚಾದರೂ ಹೆಚ್ಚಿನ ದರ ಹಾಕಬೇಡಿ.