ಮನಿ ಪಟ್ಟಿ ಬಾಕಿ ಇದ್ದರೆ ಊರಿನವರಲ್ಲವೇ?

ಹೋದ ತಿಂಗಳು ಹುನಗುಂದ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಬೇರೆ ಸುದ್ದಿಗೆಂದು ಕುಳಿತಿದ್ದೆವು. ಅಜ್ಜಿಯೊಬ್ಬರು ಬಂದರು. ಮಗ ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಬಾಡಿಗೆ ಖೋಲಿ ಕೊಡುವವರು ಊರಿನ ರಹವಾಸಿ ಕಾಗದ ಕೇಳಿದ್ದಾರೆ. ಅದಕ್ಕೆ ಅಜ್ಜಿ ಮೂರನೇ ಸಲ ಬಂದಿದ್ದರು.

"ಐದು ವರ್ಷದ್ದು ಮನಿ ಪಟ್ಟಿ ಬಾಕಿ ಐತಿ ಬೇ ಯಮ್ಮಾ. ಅದನ್ನ ತುಂಬು, ಆಮ್ಯಾಲೆ ಕಾಗದ."

"ಆ ಮನಿ ಹೊಳಿ ಬಂದಾಗ ಬಿದ್ದು ಹೋಗೇತೋ ಯಪ್ಪಾ. ತಗಡಿನ ಶೆಡ್ಡಿನಾಗ ಅದೀವಿ."

"ಬಿದ್ದಿದ್ರ ಏನಾತು, ಪುಸ್ತಕದಾಗ ಐತೆಲ್ಲ!"

2019ರ ಆಗಸ್ಟ್‌ನಲ್ಲಿ ಮಲಪ್ರಭೆ ನುಗ್ಗಿದ್ದು ಬಾದಾಮಿ, ಹುನಗುಂದದ ಹೊಳೆಸಾಲಿನ ಊರುಗಳಿಗೆಲ್ಲ ಗೊತ್ತು. ಪಂಚಾಯಿತಿಯ ಪುಸ್ತಕಕ್ಕೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಅದೇ ವಾರ ಬಾಗಲಕೋಟೆ ನವನಗರದ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಅಣ್ಣ ಅಮೆರಿಕದಲ್ಲಿ ಪೌರತ್ವಕ್ಕೆ ಅರ್ಜಿ ಹಾಕುತ್ತಿದ್ದಾನೆ. ಎನ್-400 ಎಂಬ ಆ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಗಡುವು ಮೀರಿದ ತೆರಿಗೆ ಬಾಕಿ ಇದೆಯೇ? ಇದ್ದರೆ ಹೇಳಬೇಕು. ನಡತೆ ಒಳ್ಳೆಯದೋ ಅಲ್ಲವೋ ಎಂದು ತೂಗುವಾಗ ಅದನ್ನೂ ನೋಡುತ್ತಾರೆ. ಆದರೆ ಬಾಕಿ ಇದೆ ಎಂದಷ್ಟಕ್ಕೇ ಅರ್ಜಿ ಬಿದ್ದುಹೋಗುವುದಿಲ್ಲ. ತೆರಿಗೆ ಇಲಾಖೆಯ ಜೊತೆ ಕಂತಿನ ಒಪ್ಪಂದ ಮಾಡಿಕೊಂಡು, ತಪ್ಪದೆ ಕಟ್ಟುತ್ತಿರುವ ಕಾಗದ ತೋರಿಸಿದರೆ ದಾರಿ ಇದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಕಷ್ಟ. ಬ್ರಿಟನ್ನಿನಲ್ಲೂ ಹೆಚ್ಚುಕಡಿಮೆ ಹೀಗೆಯೇ.

ಅಂದರೆ ಹೊರಗಿನಿಂದ ಬಂದು 'ನನ್ನನ್ನೂ ನಿಮ್ಮವನನ್ನಾಗಿ ಮಾಡಿಕೊಳ್ಳಿ' ಎನ್ನುವವನಿಗೆ ಆ ದೇಶ ಕಂತು ಕೊಡುತ್ತದೆ. ಇಲ್ಲೇ ಹುಟ್ಟಿ, ಇಲ್ಲೇ ಮುಪ್ಪಾದ ಅಜ್ಜಿಗೆ ನಮ್ಮ ಪಂಚಾಯಿತಿ 'ನೀನು ಈ ಊರವಳು' ಎಂದು ಬರೆದುಕೊಡಲು ಪೂರ್ತಿ ರೊಕ್ಕ ಕೇಳುತ್ತದೆ.

ಈ ದೇಶದಲ್ಲಿ ಪೌರತ್ವಕ್ಕೂ ತೆರಿಗೆ ರಸೀದಿಗೂ ಗಂಟು ಹಾಕಿಲ್ಲ. 1955ರ ಪೌರತ್ವ ಕಾಯ್ದೆ ಹೊರಗಿನಿಂದ ಬಂದು ಅರ್ಜಿ ಹಾಕುವವರಲ್ಲಿ ಒಳ್ಳೆಯ ನಡತೆ ಕೇಳುತ್ತದೆ. ಆದರೆ ಇಲ್ಲಿ ಪ್ರಜೆಯಾಗಿಯೇ ಹುಟ್ಟಿದವರ ಪೌರತ್ವವನ್ನು ಬಾಕಿಯ ಕಾರಣಕ್ಕೆ ಯಾರೂ ಕಿತ್ತುಕೊಳ್ಳುವಂತಿಲ್ಲ. ಮತದಾನವೂ ಹಾಗೆಯೇ. ಸಂವಿಧಾನದ 326ನೇ ವಿಧಿ ಯಾರನ್ನು ಪಟ್ಟಿಯಿಂದ ಬಿಡಬಹುದು ಎಂದು ಎಣಿಸಿ ಹೇಳಿದೆ: ವಾಸವಿಲ್ಲದವರು, ಬುದ್ಧಿ ಸ್ಥಿಮಿತವಿಲ್ಲದವರು, ಅಪರಾಧ ಅಥವಾ ಚುನಾವಣಾ ಅಕ್ರಮ ಮಾಡಿದವರು. ಬಾಕಿದಾರರ ಹೆಸರು ಅಲ್ಲಿಲ್ಲ. ಮರೆತು ಬಿಟ್ಟದ್ದಲ್ಲ ಅದು. ನಮ್ಮ ತಾಲ್ಲೂಕುಗಳು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದಾಗ ಇಂತಿಷ್ಟು ಕಂದಾಯ ಕಟ್ಟುವವರಿಗೆ, ಆಸ್ತಿ ಇದ್ದವರಿಗೆ, ಓದಿದವರಿಗೆ ಮತ. ಕೂಲಿಯವರು ಹೊರಗೆ. 1951-52ರ ಚುನಾವಣೆಯಲ್ಲಿ ಆ ಬೇಲಿ ಬಿತ್ತು. ಅಮೆರಿಕದವರೇ ರಾಷ್ಟ್ರಮಟ್ಟದ ಚುನಾವಣೆಯಲ್ಲಿ 'ತಲೆಗಂದಾಯ ಕಟ್ಟಿದರಷ್ಟೇ ಮತ' ಎಂಬುದನ್ನು ತೆಗೆದದ್ದು 1964ರಲ್ಲಿ. ಈ ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೆವು.

ದೊಡ್ಡವರ ಬಾಕಿಯ ಲೆಕ್ಕವೇ ಬೇರೆ. ವಿಧಾನಸಭೆಗೆ ನಿಲ್ಲುವವರು ಫಾರ್ಮ್ 26 ಎಂಬ ಪ್ರಮಾಣಪತ್ರದಲ್ಲಿ ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ಬಾಕಿ ಬರೆಯಬೇಕು. ಎಷ್ಟೇ ಇರಲಿ, ಬರೆದರೆ ಸಾಕು, ಸ್ಪರ್ಧಿಸಬಹುದು. ವಿಜಯ್ ಮಲ್ಯ 2002 ಮತ್ತು 2010ರಲ್ಲಿ ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದರು. ಅವರ ವಿಮಾನ ಕಂಪನಿಯ ಮೇಲೆ ಬ್ಯಾಂಕ್ ಸಾಲದ ಜೊತೆ ಸೇವಾ ತೆರಿಗೆ ಬಾಕಿಯೂ ಇತ್ತು. 2016ರಲ್ಲಿ ದೇಶ ಬಿಟ್ಟ ಮೇಲೆ ಪಾಸ್‌ಪೋರ್ಟ್ ರದ್ದಾಯಿತು. ಪೌರತ್ವಕ್ಕೆ ಯಾರೂ ಕೈ ಹಾಕಲಿಲ್ಲ, ಹಾಕುವಂತೆಯೂ ಇಲ್ಲ. ನಮ್ಮ ಅಜ್ಜಿ ಕೇಳಿದ್ದು ವಿಮಾನ ಹತ್ತುವ ಕಾಗದವನ್ನಲ್ಲ.

ಬಾಕಿ ವಸೂಲಿಯಲ್ಲಿ ಅತಿ ಮಾಡಿದರೆ ಏನಾಗುತ್ತದೆಂದು ಇದೇ ಮಲಪ್ರಭೆಯ ನೀರು ಕುಡಿದವರು ನೋಡಿದ್ದಾರೆ. ಬಾದಾಮಿಯ ಪಕ್ಕದ ನರಗುಂದ, ಅದರಾಚೆ ನವಲಗುಂದ. ಹೊಲಕ್ಕೆ ನೀರು ಸರಿಯಾಗಿ ಬರದಿದ್ದರೂ ನೀರಿನ ಕರ, ಅಭಿವೃದ್ಧಿ ಕರ ಎಂದು ರೈತರ ಮೇಲೆ ಬಾಕಿ ಹೊರಿಸಿದರು. 1980ರ ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ಬಾರದ ನೀರಿಗೆ ಕರ ಅಂದು, ಇಲ್ಲದ ಮನೆಗೆ ಪಟ್ಟಿ ಇಂದು.

'ಹಾಗಾದರೆ ಪಟ್ಟಿ ಕಟ್ಟಬಾರದೇ?' ಎಂದು ಪಿಡಿಒ ಒಬ್ಬರು ನಮ್ಮನ್ನೇ ಕೇಳಿದರು. ಕಟ್ಟಬೇಕು. ವಾಟರ್‌ಮನ್ ಪಗಾರ, ಬೀದಿ ದೀಪ, ಗಟಾರದ ಕೆಲಸ ಆ ರೊಕ್ಕವನ್ನೂ ನಂಬಿವೆ. ನಾವೂ ಕಟ್ಟುತ್ತೇವೆ (ನಮ್ಮಲ್ಲಿಬ್ಬರು ಈ ಲೇಖನ ಬರೆಯುವ ಮೊದಲು ಓಡಿ ಹೋಗಿ ಕಟ್ಟಿ ಬಂದರು, ಅದನ್ನೂ ಹೇಳಿಬಿಡುತ್ತೇವೆ). ಮನೆ ಮಾರುವಾಗ, ಖಾತೆ ಬದಲಿಸುವಾಗ ಆ ಮನೆಯದೇ ತೆರಿಗೆ ಕೇಳಿದರೆ ನಮ್ಮ ತಕರಾರಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಸೂಲಿಗೆ ದಾರಿಯೂ ಇದೆ: ಬಿಲ್ಲು ಕೊಡಿ, ನೋಟಿಸ್ ಕೊಡಿ, ಆಮೇಲೆ ಜಪ್ತಿ. ಆ ದಾರಿಯಲ್ಲಿ ಮೊದಲು ದೊಡ್ಡ ಬಾಕಿದಾರರ ಬಾಗಿಲಿಗೆ ಹೋಗಿ. ಅವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ನೋಡೋಣ.

ಸಿಕ್ಕಿಬೀಳುವವರು ಯಾರು? ಹೆಚ್ಚಾಗಿ ಗುಳೆ ಹೋದವರು. ಬನಶಂಕರಿ ಜಾತ್ರೆಗೋ ಉಗಾದಿಗೋ ಬಂದು ಬೀಗ ತೆಗೆಯುವವರು. ಗೋವಾದಲ್ಲಿ ಅವರು ಹೊರಗಿನವರು, ಊರಿಗೆ ಬಂದರೆ ಬಾಕಿದಾರರು.

ನಿಮಗೂ ಹೀಗೆ ಹೇಳಿದರೆ ಬಾಯಿಮಾತಿಗೆ ಹಿಂದಿರುಗಬೇಡಿ. ಅರ್ಜಿ ಬರೆದುಕೊಡಿ, ಸ್ವೀಕೃತಿ ಕೇಳಿ. ಆಗದು ಎಂದರೆ ಯಾವ ನಿಯಮದಲ್ಲಿ ಎಂದು ಬರೆದುಕೊಡಲು ಹೇಳಿ. ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರ ಕೊಡುವುದು ಕಂದಾಯ ಇಲಾಖೆಯ ನಾಡಕಚೇರಿ, ಮನಿ ಪಟ್ಟಿ ಪಂಚಾಯಿತಿಯದು. ಒಂದರ ಬಾಕಿಗೆ ಇನ್ನೊಂದನ್ನು ಒತ್ತೆ ಇಡಲು ಬಿಡಬೇಡಿ. ಸಕಾಲ ಪಟ್ಟಿಯ ಸೇವೆ ಗಡುವಿನೊಳಗೆ ಸಿಗದಿದ್ದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಇದೆ. ಮನೆ ಬಿದ್ದಿದ್ದರೆ ಡಿಮಾಂಡ್ ಪುಸ್ತಕದಿಂದ ಆ ಮನೆ ತೆಗೆಯಿರಿ ಎಂದು ಬೇರೆಯೇ ಅರ್ಜಿ ಕೊಡಿ.

ಅಜ್ಜಿ ಕೊನೆಗೆ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಬಾಕಿ ತುಂಬಿದರು. ರಸೀದಿಯಲ್ಲಿ ಬಿದ್ದ ಮನೆಯದೇ ನಂಬರ್ ಇತ್ತು. ಆ ಮನೆ ತೆಗೆಯಲು ಅರ್ಜಿ ಬರೆದುಕೊಟ್ಟೆವು. ಸ್ವೀಕೃತಿಯ ಸೀಲು ಬೀಳುವವರೆಗೆ ನಾವೂ ಅಜ್ಜಿಯೂ ಕಟ್ಟೆ ಬಿಟ್ಟು ಏಳಲಿಲ್ಲ.