ರಜೆಯ ಶಿಬಿರದಿಂದ ಅರಬಿ ಬಾರದು, ದಿನದ ಹತ್ತು ನಿಮಿಷದಿಂದ ಬಂದೀತು

ಸೌದಿಯಿಂದ ರಜೆಯಲ್ಲಿ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಸರ್ ನಮಾಝಿನ ನಂತರ ಮಸೀದಿಯ ಜಗಲಿಯಲ್ಲಿ ನಮ್ಮ ಪಕ್ಕ ಬಂದು ಕುಳಿತ. ಕಿಸೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, "ಹಜ್ರತ್, ಇದ್ರಲ್ಲಿ ಏನ್ ಬರ್ದವ್ರೆ, ಸ್ವಲ್ಪ ನೋಡ್ಕೊಡಿ" ಎಂದ. ಅದು ಅವನ ಕೆಲಸದ ಕರಾರುಪತ್ರ. ಏಜೆಂಟ್ ಹೇಳಿದ್ದು ಡ್ರೈವರ್ ಕೆಲಸ. ಹೋಗಿ ಇಳಿದ ಮೇಲೆ ಕೊಟ್ಟದ್ದು ತೋಟದ ಕೆಲಸ. ಕಾಗದದಲ್ಲಿ ಹುದ್ದೆಯ ಹೆಸರು ಎರಡೇ ಮಾತಿನಲ್ಲಿತ್ತು: ಆಮಿಲ್ ಝಿರಾಈ. ಅಂದರೆ ಕೃಷಿ ಕೆಲಸಗಾರ.

"ಸಹಿ ಹಾಕುವ ಮೊದಲು ನೀನು ಓದಿ ನೋಡಲಿಲ್ಲವಾ?" ಎಂದು ಕೇಳಿದೆವು. "ಝೇರ್, ಝಬರ್ ಇರ್ಲಿಲ್ಲ ಹಜ್ರತ್. ಇದ್ದಿದ್ರೂ ಓದ್ತಿದ್ದೆ ಅಷ್ಟೇ, ಅರ್ಥ ಎಲ್ಲಿ ಗೊತ್ತಾಗ್ತಿತ್ತು?" ಎಂದ.

ಈ ಹುಡುಗ ಏಳು ವರ್ಷ ಮದ್ರಸದಲ್ಲಿ ಕೂತವನು. ಕುರ್‌ಆನ್ ಖತಂ ಮಾಡಿದವನು. ಇವನ ಓದು ಕೇಳಿ ಊರಿಗೆ ಬಂದ ಉಲಮಾಗಳೂ ತಲೆದೂಗಿದ್ದುಂಟು. ಕರ್ಮಗಳೆಲ್ಲ ಉದ್ದೇಶವನ್ನು ಅವಲಂಬಿಸಿವೆ ಎಂಬ ಹದೀಸನ್ನು ಒಂಬತ್ತನೆಯ ವಯಸ್ಸಿನಲ್ಲೇ ಬಾಯಿಪಾಠ ಒಪ್ಪಿಸಿದವನು. ಆ ಹದೀಸಿನ ಎರಡನೆಯ ಮಾತೇ 'ಅಮಲ್' ಎಂಬುದರ ಬಹುವಚನ. ಅಮಲ್ ಎಂದರೆ ಕೆಲಸ, ಅದನ್ನು ಮಾಡುವವನು ಆಮಿಲ್. ಒಂದೇ ಬೇರಿನ ಮಾತುಗಳು. ಬೀಗದ ಕೈ ಅವನ ಕಿಸೆಯಲ್ಲೇ ಇತ್ತು. ಅದು ಬೀಗದ ಕೈ ಎಂದು ನಾವು ಹೇಳಿಕೊಟ್ಟಿರಲಿಲ್ಲ. ಓದಿದ್ದರೆ ಅವನು ಸಹಿ ಹಾಕುತ್ತಿರಲಿಲ್ಲ ಎಂದು ಖಡಾಖಂಡಿತ ಹೇಳಲಿಕ್ಕೆ ನಮಗೆ ಧೈರ್ಯವಿಲ್ಲ, ಮನೆಯಲ್ಲಿ ಸಾಲ ಇತ್ತು. ಆದರೆ ಒಂದು ಮಾತು ಕೇಳಿಯಾದರೂ ಕೇಳುತ್ತಿದ್ದ. ಸೌದಿಯ ಕಾರ್ಮಿಕ ಕಾನೂನಿನಲ್ಲಿ ಕರಾರು ಎರಡು ಭಾಷೆಯಲ್ಲಿದ್ದರೂ ಅರಬಿಯಲ್ಲಿ ಇರುವುದೇ ಅಂತಿಮ.

ಇದು ಒಬ್ಬ ಹುಡುಗನ ಕತೆಯಲ್ಲ. ನಮ್ಮ ಊರು ಕರಾವಳಿ, ಪಾಠ ಹೇಳುವುದು ನಂಜನಗೂಡು ತಾಲೂಕಿನ ತಗಡೂರಿನ ಕಡೆ. ಅಲ್ಲಿ ನಮ್ಮನ್ನು ಉಸ್ತಾದ್ ಎನ್ನುತ್ತಾರೆ, ಇಲ್ಲಿ ಹಜ್ರತ್ ಎನ್ನುತ್ತಾರೆ. ಎರಡೂ ಕಡೆ ಸಂಗತಿ ಒಂದೇ. ಮಗು ಐದಾರು ವರ್ಷಕ್ಕೆ ಅಲಿಫ್ ಬಾ ಹಿಡಿಯುತ್ತದೆ, ಹತ್ತು ಹನ್ನೆರಡಕ್ಕೆ ಕುರ್‌ಆನ್ ಮುಗಿಸುತ್ತದೆ, ಹೈಸ್ಕೂಲಿಗೆ ಹೋದ ಮೇಲೆ ಮದ್ರಸ ಬಿಡುತ್ತದೆ. ಅಷ್ಟು ವರ್ಷದಲ್ಲಿ ಸಾವಿರಾರು ಗಂಟೆ ಅರಬಿಯ ಎದುರು ಕೂತಿರುತ್ತದೆ, ಆದರೆ "ನನ್ನ ಹೆಸರು ಇಂಥದು, ನನಗೆ ನೀರು ಬೇಕು" ಎನ್ನಲಿಕ್ಕೆ ಬರುವುದಿಲ್ಲ. ಪಾರಾಯಣಕ್ಕೆ ಅದರದ್ದೇ ಪುಣ್ಯ ಉಂಟು, ಅದನ್ನು ನಾವು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದ್ದು ಮಕ್ಕಳ ತಪ್ಪಲ್ಲ, ನಮ್ಮ ತಪ್ಪು.

ಈಗ ಸಮುದಾಯ ಸುಮ್ಮನೆ ಕೂತಿಲ್ಲ, ನಿಜ. ಬೇಸಿಗೆ ರಜೆಯಲ್ಲಿ ಅರಬಿ ಸಂಭಾಷಣಾ ಶಿಬಿರ, ಮೂವತ್ತು ದಿನದಲ್ಲಿ ಅರಬಿ ಎಂಬ ಪುಸ್ತಕ, ಮೊಬೈಲಿನಲ್ಲಿ ಆ್ಯಪ್. ನಾವೂ ಒಮ್ಮೆ ಇಪ್ಪತ್ತು ದಿನದ ಶಿಬಿರ ಮಾಡಿದೆವು. ಮಕ್ಕಳು ಉತ್ಸಾಹದಿಂದ ಬಂದರು, ಕೊನೆಯ ದಿನ ಪೋಷಕರ ಎದುರು ಅರಬಿಯಲ್ಲಿ ಮಾತಾಡಿ ತೋರಿಸಿದರು, ಪ್ರಮಾಣಪತ್ರ ಹಂಚಿದೆವು, ಫೋಟೊ ತೆಗೆದೆವು. ಮೂರು ತಿಂಗಳು ಬಿಟ್ಟು ಅದೇ ಮಕ್ಕಳನ್ನು ಕೇಳಿದರೆ "ಕೈಫ ಹಾಲುಕ" ಬಿಟ್ಟು ಬೇರೇನೂ ಉಳಿದಿರಲಿಲ್ಲ. ಒಂದೇ ಮಳೆಗೆ ತುಂಬಿದ ಹಳ್ಳ ಒಂದೇ ಬಿಸಿಲಿಗೆ ಬತ್ತಿತು.

ಯಾಕೆ ಹೀಗೆ? ಬ್ಯಾರಿಗಳಿಗೆ ಭಾಷೆ ಕಲಿಯುವುದು ಹೊಸತಲ್ಲವಲ್ಲ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೀನಿನ ವ್ಯಾಪಾರಿಗೆ ಕೊಂಕಣಿಯೂ ಬರುತ್ತದೆ, ಕಾಸರಗೋಡಿನ ನಂಟು ಇದ್ದವರಿಗೆ ಮಲಯಾಳವೂ ಬರುತ್ತದೆ. ಇದನ್ನೆಲ್ಲ ಯಾವ ಶಿಬಿರದಲ್ಲಿ ಕಲಿತರು? ದಿನಾ ಬಾಯಿಗೆ ಕೆಲಸ ಬಿತ್ತು, ಭಾಷೆ ಬಂತು. ಇವತ್ತು ತಪ್ಪಾಗಿ ಹೇಳಿದ ಮಾತನ್ನು ನಾಳೆ ಗಿರಾಕಿಯೇ ನಕ್ಕು ತಿದ್ದಿದ. ಅರಬಿಗೆ ನಮ್ಮ ಊರಿನಲ್ಲಿ ಅಂಥ ಸಂತೆ ಇಲ್ಲ, ಕಷ್ಟ ಇರುವುದು ಇಲ್ಲಿ. ಭಾಷೆ ಕಠಿಣ ಎಂಬುದು ಅಷ್ಟು ದೊಡ್ಡ ವಿಷಯವಲ್ಲ.

"ಝೈದ್ ಬಿನ್ ಸಾಬಿತ್ ಹದಿನೈದೇ ದಿನದಲ್ಲಿ ಯಹೂದಿಗಳ ಲಿಪಿ ಕಲಿತರಲ್ಲ?" ಎಂದು ಒಬ್ಬರು ಕೇಳಿದರು. ಹೌದು, ತಿರ್ಮಿದಿಯಲ್ಲಿ ಆ ವರದಿ ಇದೆ. ಆದರೆ ಪ್ರವಾದಿಯವರು (ಸ.ಅ.) ಅವರಿಗೆ ಕೆಲಸವನ್ನೂ ಕೊಟ್ಟಿದ್ದರು: ಬಂದ ಪತ್ರ ಓದಬೇಕು, ಉತ್ತರ ಬರೆಯಬೇಕು. ಆ ಭಾಷೆಯ ಜನ ಮದೀನದಲ್ಲೇ ಇದ್ದರು. ಕಲಿತದ್ದು ಮರುದಿನವೇ ಬಳಕೆಗೆ ಬಂತು. ಅದನ್ನು ಬಿಟ್ಟು ಹದಿನೈದು ದಿನವನ್ನು ಮಾತ್ರ ನಾವು ಹಿಡಿದುಕೊಂಡರೆ ಹೇಗೆ? ಇನ್ನೊಂದು ಕಡೆ ನೋಡಿ. ಅಬ್ದುಲ್ಲಾ ಬಿನ್ ಉಮರ್ ಅವರು ಸೂರಃ ಬಕರವನ್ನು ಕಲಿಯಲು ಎಂಟು ವರ್ಷ ತೆಗೆದುಕೊಂಡರು ಎಂದು ಇಮಾಂ ಮಾಲಿಕರ ಮುವತ್ತಾದಲ್ಲಿದೆ. ಅವರ ಮಾತೃಭಾಷೆಯೇ ಅರಬಿ. ಕುರ್‌ಆನ್ ಅವತೀರ್ಣವಾಗಲಿಕ್ಕೂ 23 ವರ್ಷ ಹಿಡಿಯಿತು. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಅಮಲ್ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಆಯಿಶಾ (ರ.) ಅವರ ವರದಿಯನ್ನು ನಾವು ಮಿಂಬರಿನಲ್ಲಿ ಎಷ್ಟು ಸಲ ಹೇಳಿಲ್ಲ! ಪಾಠದ ಕೋಣೆಗೆ ಮಾತ್ರ ಅದನ್ನು ತರಲಿಲ್ಲ.

ತಗಡೂರಿನ ಜನಕ್ಕೆ ಈ ಮಾತು ಬೇಗ ಅರ್ಥವಾಗುತ್ತದೆ. ತಗಡೂರು ರಾಮಚಂದ್ರರಾಯರು ಗಾಂಧೀಜಿಯ ಮಾತು ಹಿಡಿದು ಖಾದಿ ಕೆಲಸ ಮಾಡಿದ ಸೀಮೆ ಇದು. ಇದೇ ತಾಲೂಕಿನ ಬದನವಾಳಿನ ಖಾದಿ ಕೇಂದ್ರದಲ್ಲಿ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಕೂತದ್ದು ಹಲವರಿಗೆ ನೆನಪಿರಬಹುದು. ನೂಲುವವರನ್ನು ನೋಡಿ. ಒಂದೇ ದಿನ ಹಗಲು ರಾತ್ರಿ ಕೂತು ವರ್ಷದ ನೂಲು ತೆಗೆಯುವುದಿಲ್ಲ. ದಿನಾ ಇಷ್ಟು ಹಂಜಿ, ಇಷ್ಟು ನೂಲು. ಎಳೆ ಕಡಿದರೆ ರಾಟೆಯನ್ನು ಮೂಲೆಗೆ ಎಸೆಯುವುದಿಲ್ಲ, ಕಡಿದಲ್ಲೇ ಜೋಡಿಸಿ ಮುಂದುವರಿಸುತ್ತಾರೆ. ಆ ಗಾಂಧೀಜಿಯೂ 78ರ ವಯಸ್ಸಿನಲ್ಲಿ ದಿನಾ ಬಂಗಾಳಿ ಬರೆದು ಅಭ್ಯಾಸ ಮಾಡುತ್ತಿದ್ದರು. ನೌಖಾಲಿಯಲ್ಲಿ ಹಿಡಿದ ಆ ರೂಢಿಯನ್ನು 1948ರ ಜನವರಿ 30ರ ಬೆಳಿಗ್ಗೆಯೂ ಬಿಡಲಿಲ್ಲ. "ನಮಗಿನ್ನು ವಯಸ್ಸಾಯಿತು" ಎನ್ನುವ ಹಿರಿಯರಿಗೂ, ನಮ್ಮಂಥ ನಲವತ್ತು ದಾಟಿದ ಉಸ್ತಾದರಿಗೂ ಇದು ಸಾಕು.

ಹಾಗಾದರೆ ಏನು ಮಾಡುವುದು? ಎರಡು ವರ್ಷದಿಂದ ನಾವು ಸಣ್ಣದಾಗಿ ಮಾಡಿ ನೋಡಿದ್ದನ್ನು ಹೇಳುತ್ತೇವೆ.

ಮೊದಲನೆಯದು, ಹೊತ್ತು ಹುಡುಕಬಾರದು. ಇರುವ ಹೊತ್ತಿಗೆ ಕಟ್ಟಬೇಕು. "ಬಿಡುವಾದಾಗ ಕಲಿಯುತ್ತೇನೆ" ಎಂದವನಿಗೆ ಬಿಡುವೇ ಆಗುವುದಿಲ್ಲ. ಮುಸ್ಲಿಮನ ದಿನಕ್ಕೆ ಐದು ಗೂಟ ಮೊದಲೇ ಹೊಡೆದು ಇಟ್ಟಿದೆ. ಮಗ್ರಿಬ್ ಆದ ಮೇಲೆ ಹತ್ತು ನಿಮಿಷ, ಅಷ್ಟೇ. ಹನ್ನೊಂದನೆಯ ನಿಮಿಷ ಮಕ್ಕಳು ಕೇಳಿದರೂ ನಾವು ಕೊಡುವುದಿಲ್ಲ. ನಾಳೆಗೆ ಹಸಿವು ಉಳಿಯಲಿ.

ಎರಡನೆಯದು, ದಿನಕ್ಕೆ ಮೂರೇ ಮಾತು, ಅದೂ ಬಾಯಲ್ಲಿ ಈಗಾಗಲೇ ಇರುವುದರಿಂದ. ಐದು ಹೊತ್ತಿನ ಫರ್ಝಿನಲ್ಲಿ 17 ರಕಅತ್, ಅಂದರೆ ಫಾತಿಹಾ 17 ಸಲ. ಏಳು ಆಯತ್ತಿನ ಆ ಸೂರಃದ ಒಂದೊಂದು ಮಾತಿನ ಅರ್ಥ ಗೊತ್ತಾದರೆ ನಮಾಝೇ ನಮ್ಮ ಸಂತೆ. ದಿನಕ್ಕೆ 17 ಸಲ ಬೇರೆ ಯಾವ ಭಾಷಾ ಪುಸ್ತಕ ಪಾಠ ಒಪ್ಪಿಸಿಕೊಳ್ಳುತ್ತದೆ? ಆಮೇಲೆ ಬೇರು ತೋರಿಸಬೇಕು. ದರ್ಸ್ ಎಂದರೆ ಪಾಠ, ಮುದರ್ರಿಸ್ ಪಾಠ ಹೇಳುವವನು, ಮದ್ರಸ ಪಾಠ ಹೇಳುವ ಜಾಗ. ಸಜದಾ ಮಾಡುವ ಜಾಗ ಮಸ್ಜಿದ್. ಕಿತಾಬ್ ಇಟ್ಟ ಜಾಗ ಮಕ್ತಬಾ. ಇದನ್ನು ಮೊದಲ ಸಲ ಕೇಳಿದ ದಿನ ಒಬ್ಬ ಹುಡುಗಿ "ಹಾಗಾದ್ರೆ ನಂಗೆ ಅರಬಿ ಗೊತ್ತಾ ಹಜ್ರತ್?" ಎಂದು ಕೇಳಿದಳು.

ಗೊತ್ತು. ಅವಳಿಗೆ ಮಾತ್ರವಲ್ಲ, ಪಕ್ಕದ ಹೊಲದ ಗೌಡರಿಗೂ ಗೊತ್ತು. ರೈತ ತಾಲೂಕು ಕಚೇರಿಗೆ ಹೋಗಿ ತಹಶೀಲ್ದಾರರಿಗೆ ಅರ್ಜಿ ಕೊಡುತ್ತಾನೆ, ಅಸಲು ತೋರಿಸಿ ನಕಲು ಲಗತ್ತಿಸುತ್ತಾನೆ, ವಕೀಲರನ್ನು ಹಿಡಿದು ಜಾಮೀನು ಪಡೆಯುತ್ತಾನೆ. ಈ ಸಾಲಿನಲ್ಲಿ ರೈತ, ತಾಲೂಕು, ಅರ್ಜಿ, ಅಸಲು, ನಕಲು, ವಕೀಲ, ಜಾಮೀನು ಎಲ್ಲವೂ ಅರಬಿ ಮೂಲದವು, ಪಾರಸಿಯ ದಾರಿಯಲ್ಲಿ ಕನ್ನಡಕ್ಕೆ ಬಂದವು. ನಾವು ದಿಕ್ರ್ ಹೇಳುವಾಗ ಅಲ್ಲಾಹನನ್ನು ವಕೀಲ್ ಎನ್ನುತ್ತೇವಲ್ಲ, ಕೋರ್ಟಿನ ವಕೀಲರದ್ದೂ ಅದೇ ಮಾತು. ನಮ್ಮ ಪರವಾಗಿ ಕೆಲಸ ವಹಿಸಿಕೊಂಡವರು. ಪರಭಾಷೆ ಎಂದು ಹೆದರಿಸುವ ಬದಲು ಹೀಗೆ ನೆಂಟರನ್ನು ತೋರಿಸಿದರೆ ಮಗು ಮರೆಯುವುದಿಲ್ಲ.

ಮೂರನೆಯದು, ಅರ್ಥವನ್ನು ಮಗುವಿಗೆ ಬರುವ ಭಾಷೆಯಲ್ಲಿ ಹೇಳಬೇಕು. ನಮ್ಮ ಬಾಲ್ಯದಲ್ಲಿ ಕರಾವಳಿಯ ಮದ್ರಸಗಳಲ್ಲಿ ಅರಬಿ-ಮಲಯಾಳ ಲಿಪಿಯ ಪುಸ್ತಕ ಇತ್ತು. ಬ್ಯಾರಿ ಮಕ್ಕಳು ಅರಬಿಯ ಅರ್ಥ ತಿಳಿಯಲಿಕ್ಕೆ ಮೊದಲು ಮಲಯಾಳದ ಅರ್ಥ ತಿಳಿಯಬೇಕಿತ್ತು. ಇಲ್ಲಿ ಮೈಸೂರು ಸೀಮೆಯ ಮಗು ಮನೆಯಲ್ಲಿ ದಖನಿ ಮಾತಾಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಕೈಗೆ ಪುಸ್ತಕದ ಉರ್ದು ಕೊಡುತ್ತೇವೆ. ಒಂದು ಬಾಗಿಲು ತೆರೆಯಲು ಎರಡು ಬಾಗಿಲು ದಾಟಿಸುವುದು ಯಾಕೆ? ಕನ್ನಡ ಅಕ್ಷರದಲ್ಲಿ ಅರ್ಥ ಬರೆದುಕೊಂಡರೆ ಅಮ್ಮಂದಿರಿಗೂ ಓದಲಿಕ್ಕಾಗುತ್ತದೆ. ರಾತ್ರಿ ಊಟದ ಹೊತ್ತಿಗೆ "ಇವತ್ತಿನ ಮೂರು ಮಾತು ಯಾವುದು?" ಎಂದು ತಾಯಿ ಕೇಳಿದರೆ ನಮ್ಮ ಅರ್ಧ ಕೆಲಸ ಮುಗಿಯಿತು.

ನಾಲ್ಕನೆಯದು, ಹೊಸತಕ್ಕಿಂತ ಹಳೆಯದಕ್ಕೆ ಹೆಚ್ಚು ಹೊತ್ತು. ಹತ್ತು ನಿಮಿಷದಲ್ಲಿ ಆರು ನಿಮಿಷ ನಿನ್ನೆಯದ್ದು, ಮೊನ್ನೆಯದ್ದು, ಹೋದ ವಾರದ್ದು. ಹಿಫ್ಝ್ ಮಾಡುವ ಮಕ್ಕಳಿಗೆ ಹೊಸ ಸಬಖಿನ ಜೊತೆ ಹಳೆಯದರ ದೌರ್ ತಪ್ಪಿಸುವುದಿಲ್ಲವಲ್ಲ, ಅದೇ ಕ್ರಮ. ತಿಂಗಳಿಗೊಮ್ಮೆ ಝೇರ್ ಝಬರ್ ಇಲ್ಲದ ನಾಲ್ಕು ಸಾಲು ಓದಿಸಬೇಕು. ಮಾರುಕಟ್ಟೆಯ ಬೋರ್ಡು, ಔಷಧಿಯ ಚೀಟಿ, ಕರಾರುಪತ್ರ ಯಾವುದರಲ್ಲೂ ಆ ಗುರುತುಗಳು ಇರುವುದಿಲ್ಲ.

ಐದನೆಯದು, ಒಂದು ದಿನ ತಪ್ಪಿದರೆ ಬೈಯಬಾರದು, ಮರುದಿನ ಎರಡು ದಿನದ್ದನ್ನು ಹೇರಲೂಬಾರದು. ಮಗು ತಪ್ಪಾಗಿ ಹೇಳಿದಾಗ ನಾವು ಬೆತ್ತ ಹಿಡಿದ ಕಾಲವೂ ಇತ್ತು. ಆಗ ಮಕ್ಕಳು ಕಲಿತದ್ದು ಬಾಯಿ ಮುಚ್ಚಿಕೊಂಡು ಇರುವುದನ್ನು. ಬಾಯಿ ಮುಚ್ಚಿದವನಿಗೆ ಯಾವ ಭಾಷೆಯೂ ಬರುವುದಿಲ್ಲ. ಆ ಮಕ್ಕಳಲ್ಲಿ ಇಂದು ನಾವು ಮಾಫಿ ಕೇಳಬೇಕು.

ಆಕ್ಷೇಪಗಳೂ ಉಂಟು. ಅರ್ಥದ ಹಿಂದೆ ಹೋದರೆ ತಜ್ವೀದ್ ಕೆಡುತ್ತದೆ ಎನ್ನುತ್ತಾರೆ. ನಾವು ತಜ್ವೀದಿನ ಒಂದು ನಿಮಿಷವನ್ನೂ ಕೇಳುತ್ತಿಲ್ಲ. ಇಂಗ್ಲಿಷ್ ಇದ್ದರೆ ಸಾಕು, ಗಲ್ಫಿನಲ್ಲೂ ನಡೆಯುತ್ತದೆ ಎನ್ನುತ್ತಾರೆ. ಆಫೀಸಿನಲ್ಲಿ ನಡೆಯುತ್ತದೆ. ತೋಟದಲ್ಲಿ, ಪೊಲೀಸ್ ಠಾಣೆಯಲ್ಲಿ, ಮನೆ ಯಜಮಾನನ ಎದುರಿನಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಕಲಿಯಲಿ, ಖಂಡಿತ ಕಲಿಯಲಿ. ಈ ಐದು ಮಾತು ಇಂಗ್ಲಿಷಿಗೂ ಅಷ್ಟೇ ಸಲ್ಲುತ್ತವೆ.

ಜಮಾಅತಿನವರಲ್ಲಿ ನಮ್ಮದೊಂದು ವಿನಂತಿ. ಇದಕ್ಕೆ ಕಟ್ಟಡ ಬೇಡ, ದೊಡ್ಡ ದೇಣಿಗೆ ಬೇಡ. ಮಸೀದಿಯ ಬಾಗಿಲಲ್ಲಿ ಒಂದು ಕರಿಹಲಗೆ, ಅದರ ಮೇಲೆ ದಿನದ ಮೂರು ಮಾತು, ಕನ್ನಡದಲ್ಲಿ ಅರ್ಥ. ಚಪ್ಪಲಿ ಬಿಡುವಾಗ ಹಿರಿಯರೂ ಓದಲಿ. ಒಂದು ದಪ್ಪ ನೋಟ್‌ಬುಕ್, ಕಲಿಸಿದ್ದನ್ನೆಲ್ಲ ಬರೆದಿಡಲಿಕ್ಕೆ. ಯಾಕೆಂದರೆ ಉಸ್ತಾದರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅವರ ಜೊತೆ ರೂಢಿಯೂ ಬಸ್ಸು ಹತ್ತಬಾರದು. ನಾಳೆ ಬರುವವರು ನಾವು ನಿಲ್ಲಿಸಿದ ಪುಟದಿಂದ ಶುರು ಮಾಡಲಿ.

ಆ ಹುಡುಗ ಮತ್ತೆ ಸೌದಿಗೆ ಹೋದ. ಹೋಗುವ ಮೊದಲು ಒಂದು ತಿಂಗಳು ಮಗ್ರಿಬ್ ನಂತರ ಚಿಕ್ಕ ಮಕ್ಕಳ ಸಾಲಿನಲ್ಲಿ ಬಂದು ಕೂತ. ಮೊದಲ ದಿನ ನಾಚಿಕೊಂಡ, ಆಮೇಲೆ ಮಕ್ಕಳೇ ಅವನಿಗೆ ಹೇಳಿಕೊಟ್ಟರು. ಈಗ ಪ್ರತಿ ಜುಮಾದ ದಿನ ಮೊಬೈಲಿನಲ್ಲಿ ಅವನ ದನಿ ಬರುತ್ತದೆ, ಆ ವಾರ ಬೋರ್ಡುಗಳಲ್ಲಿ ಓದಿದ ಮಾತುಗಳನ್ನು ಒಪ್ಪಿಸುತ್ತಾನೆ. ಇತ್ತೀಚೆಗೆ ಹೊಸ ಕೆಲಸವೊಂದರ ಕಾಗದದ ಫೋಟೊ ಕಳಿಸಿದ. "ಇದ್ರಲ್ಲಿ ಸಾಇಕ್ ಅಂತ ಇದೆ ಹಜ್ರತ್, ಡ್ರೈವರ್ರೇ. ಎರಡು ಸಾಲು ನಾನೇ ಓದ್ಕೊಂಡೆ. ಮೂರನೇದು ನೀವು ನೋಡಿ, ಆಮೇಲೆ ಸಹಿ ಹಾಕ್ತೀನಿ" ಎಂದ. ಆ ಮೂರನೆಯ ಸಾಲಿಗೆ ನಾವೂ ನಿಘಂಟು ತೆಗೆಯಬೇಕಾಯಿತು.

ಬರುವ ಶವ್ವಾಲಿನಲ್ಲಿ ಮದ್ರಸಗಳ ಹೊಸ ವರ್ಷ ಶುರುವಾಗುತ್ತದೆ. ವೇಳಾಪಟ್ಟಿ ಬರೆಯುವಾಗ ಈ ಹತ್ತು ನಿಮಿಷಕ್ಕೆ ಒಂದು ಗೆರೆ ಎಳೆದಿಡಿ ಎಂದು ಎಲ್ಲ ಜಮಾಅತ್‌ಗಳಲ್ಲಿ, ನಮ್ಮ ಉಸ್ತಾದ್ ಮಿತ್ರರಲ್ಲಿ ಕೇಳಿಕೊಳ್ಳುತ್ತೇವೆ. ಒಂದು ವರ್ಷ ನಡೆಸಿ ನೋಡೋಣ, ಇನ್‌ಶಾ ಅಲ್ಲಾಹ್.